ಹದಿನಾಲ್ಕು ಮೆಟ್ಟಿಲಿನ ಜಿನಾ

ನಿನ್ನೆ ಬೆಳಿಗ್ಗೆ ಸೊಸೆಯನ್ನು ಬೈದುಬಿಟ್ಟೆ. ತಪ್ಪು ಅವಳದಲ್ಲ. ಕೆಳಗಿನ ನಳದಲ್ಲಿ ಕೊಡ ತುಂಬಿಕೊಂಡು ನಾನು ಜಿನಾ ಹತ್ತುತ್ತಿದ್ದೆ. ನೀಲಾಬಾಯಿ ಓಡಿ ಬಂದು, "ಬಿಡ್ರಿ ಅತ್ತಿ, ನಾ ಒಯ್ತೀನಿ. ನೀವ ಆರಾಮ ಕುಂಡರ್ರಿ," ಎಂದು ಕೊಡಕ್ಕೆ ಕೈ ಹಾಕಿದಳು. ನನಗೆ ಎಲ್ಲಿತ್ತೋ ಸಿಟ್ಟು, "ಕೈ ತಗಿ! ನನ್ನ ಕಾಲ ಮುರದಾವೇನ?" ಎಂದು ಓಣಿಗೆಲ್ಲ ಕೇಳುವಂತೆ ಚೀರಿದೆ. ಮದುವೆಯಾಗಿ ಇನ್ನೂ ಆರು ತಿಂಗಳು ತುಂಬದ ಹುಡುಗಿ. ಒಲೆಯ ಮುಂದೆ ಕೂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ರೊಟ್ಟಿ ಬಡಿದಳು. ಮಧ್ಯಾಹ್ನ ಆ ರೊಟ್ಟಿಯನ್ನು ಮುರಿದು ತಾಟಿನಲ್ಲೇ ಬಿಟ್ಟೆ.

ಯಾಕೆ ಬೈದೆ ಎಂದು ಅವಳಿಗೆ ಹೇಳಬೇಕು. ಹೇಳಬೇಕೆಂದರೆ ನನ್ನ ಅತ್ತೆಯ ಸುದ್ದಿ ತೆಗೆಯಬೇಕು, ಆ ಸುದ್ದಿಯಲ್ಲಿ ನಾನು ಒಳ್ಳೆಯವಳಾಗಿ ಕಾಣುವುದಿಲ್ಲ. ಅದಕ್ಕೇ ಅತ್ತೆ ತೀರಿಕೊಂಡ ಒಂದು ವರ್ಷದಿಂದ ಬಾಯಿ ಮುಚ್ಚಿಕೊಂಡು ಕೂತಿದ್ದೇನೆ.

ನಮ್ಮದು ಸೊಲ್ಲಾಪುರದ ಬಾಳಿವೇಸಿನಲ್ಲಿ ಚಾದರು, ಟಾವೆಲ್ಲಿನ ದುಕಾನು. ಕೆಳಗೆ ದುಕಾನು, ಅದರ ಹಿಂದೆ ಗೋದಾಮು, ಮೇಲೆ ಮನೆ. ಮೇಲೆ ಹೋಗಲು ಕಟ್ಟಿಗೆಯ ಜಿನಾ, ಹದಿನಾಲ್ಕು ಮೆಟ್ಟಿಲು. ಕಟ್ಟಿಸಿದವರು ಜಾಗ ಉಳಿಸಲು ಹೋಗಿ ಗೋಡೆಗೆ ಆನಿಸಿದಷ್ಟು ಕಡಿದಾಗಿ ಕಟ್ಟಿಸಿದ್ದಾರೆ. ಹಿಡಿದುಕೊಳ್ಳಲೆಂದು ಮೇಲಿನ ತೊಲೆಯಿಂದ ದಪ್ಪ ಹಗ್ಗವೊಂದನ್ನು ಇಳಿಬಿಟ್ಟಿದ್ದಾರೆ. ಹೊಸ ಬೀಗರು ಬಂದರೆ ಆ ಹಗ್ಗ ಹಿಡಿದೂ ಸಿದ್ಧೇಶ್ವರನನ್ನು ನೆನೆಯುತ್ತಾರೆ. ನನ್ನ ಅತ್ತೆ ಚಂದ್ರಭಾಗಾ ಮಾತ್ರ ತಲೆಯೆಲ್ಲ ಬೆಳ್ಳಗಾದ ಮೇಲೂ ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಹಗ್ಗ ಮುಟ್ಟದೆ ಹತ್ತುತ್ತಿದ್ದರು. ಮೇಲೆ ಬಂದು ಕೊಡ ಇಳಿಸಿ, ಏದುಸಿರು ಬಿಡುತ್ತಿರುವ ನನ್ನ ಕಡೆ ನೋಡಿ, "ಯಾಕ ಲೀಲಾ, ನಿನಗ ವಯಸ್ಸಾತೇನ?" ಎಂದು ನಗುತ್ತಿದ್ದರು.

ಅತ್ತೆ ಹನ್ನೂರಿನ ಹೊಲದಮನೆಯ ಮಗಳು. ಅವರ ಅಕ್ಕ ಪಾರ್ವತಿಬಾಯಿಯನ್ನು ಅಕ್ಕಲಕೋಟೆಗೆ ಕೊಟ್ಟಿತ್ತು. ಪ್ರತಿ ಹುಣ್ಣಿಮೆಗೆ ಅತ್ತೆ ತಾವೇ ಒಳ್ಳಿನಲ್ಲಿ ಕುಟ್ಟಿದ ಶೇಂಗಾ ಚಟ್ನಿಯನ್ನು ಡಬ್ಬಿಗೆ ತುಂಬಿಕೊಂಡು, ನಡೆದೇ ಸ್ಟ್ಯಾಂಡಿಗೆ ಹೋಗಿ, ಮುಂಜಾನೆಯ ಎಸ್.ಟಿ. ಬಸ್ಸು ಹಿಡಿದು ಅಕ್ಕಲಕೋಟೆಗೆ ಹೋಗುತ್ತಿದ್ದರು. ಅಕ್ಕ ತಂಗಿ ಇಬ್ಬರೂ ಅಲ್ಲಿಯ ಸ್ವಾಮಿಗಳ ಮಠದಲ್ಲಿ ದರ್ಶನ ಮಾಡಿ, ಮನೆಗೆ ಬಂದು, ನೆಲದ ಮೇಲೆ ಒಂದೇ ತಾಟಿಗೆ ಕೂತು ಉಣ್ಣುತ್ತಿದ್ದರಂತೆ. ಸಣ್ಣವರಿದ್ದಾಗಿನ ರೂಢಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಖಾಲಿ ಡಬ್ಬಿಯಲ್ಲಿ ಅಕ್ಕ ಕೊಟ್ಟದ್ದನ್ನೇನಾದರೂ ತುಂಬಿಕೊಂಡು ವಾಪಸು. ಆ ಒಂದು ದಿನ ಅವರನ್ನು ಯಾರೂ ಏನೂ ಕೇಳುವಂತಿರಲಿಲ್ಲ. ತಿಂಗಳಿನ ಉಳಿದ ದಿನಗಳು ನಮ್ಮವು, ಹುಣ್ಣಿಮೆ ಅವರದು.

1974ರಲ್ಲಿ ಅತ್ತೆಗೆ ಎಪ್ಪತ್ತೈದು ತುಂಬಿತು. ನಮ್ಮ ಕಡೆ ಅನುಕೂಲಸ್ಥರು ಪಂಚಾಹತ್ತರಿ ಮಾಡುತ್ತಾರೆ. ನನ್ನ ಯಜಮಾನರು ಶಾಂತಲಿಂಗಪ್ಪನವರು ಅದನ್ನು ಮದುವೆಯಷ್ಟು ಜೋರಾಗಿ ಮಾಡಿದರು. ಮಂಟಪದಲ್ಲಿ ಅತ್ತೆಯನ್ನು ಕೂಡಿಸಿ ಎಪ್ಪತ್ತೈದು ದೀಪಗಳ ಆರತಿ ಎತ್ತಿದೆವು. ಪೇಟೆಯ ವ್ಯಾಪಾರಿಗಳೆಲ್ಲ ಬಂದಿದ್ದರು. ಊಟಕ್ಕೆ ಮುಂಚೆ ಯಜಮಾನರು ಕೈ ಮುಗಿದು ನಿಂತು, "ನಮ್ಮವ್ವ ಹೊಟ್ಟಿ ಕಟ್ಟಿ ನಮ್ಮನ್ನ ಬೆಳಸ್ಯಾಳ. ಇವತ್ತಿನಿಂದ ಆಕಿ ಒಂದ ಕಡ್ಡೀನೂ ಎತ್ತೂದಿಲ್ಲ. ಕುಂತಲ್ಲೆ ಎಲ್ಲಾ ಬರಬೇಕು. ಇದು ನನ್ನ ಶಬ್ದ," ಎಂದರು. ಮಂದಿಯೆಲ್ಲ ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣು ಒರೆಸಿಕೊಂಡರು. ನಾನೂ ಒರೆಸಿಕೊಂಡೆ.

ನಮ್ಮ ಮಂದಿಯಲ್ಲಿ ಶಬ್ದವೆಂದರೆ ಶಬ್ದ, ಕೊಟ್ಟ ಮಾತು ತಪ್ಪುವಂತಿಲ್ಲ. ಸಾವಿರ ಚಾದರಿನ ವ್ಯವಹಾರವನ್ನು ಕಾಗದವಿಲ್ಲದೆ ಬರೀ ಬಾಯಿಮಾತಿನ ಮೇಲೆ ಮಾಡುವ ಜನ. ನಾಲ್ಕು ಜನರ ಮುಂದೆ ಆಡಿದ ಮಾತಿಗೆ ತಪ್ಪಿದರೆ ಅಂಥವನ ದುಕಾನಿನ ಮೆಟ್ಟಿಲನ್ನು ಯಾರೂ ಹತ್ತುವುದಿಲ್ಲ. ಮರುದಿನ ಮುಂಜಾನೆ ನಳಕ್ಕೆ ನೀರು ಬಂದಾಗ ಅತ್ತೆ ಎಂದಿನಂತೆ ಎದ್ದು ಕೊಡ ಹುಡುಕಿದರು. ಅದನ್ನು ನಾನು ಮುಚ್ಚಿಟ್ಟಿದ್ದೆ.

"ಅತ್ತಿ, ಇವರ ಶಬ್ದ ಹೋಗತೈತ್ರಿ," ಎಂದೆ.

ಅತ್ತೆ ಎರಡೂ ಅಂಗೈ ನನ್ನ ಮುಂದೆ ಹಿಡಿದು, "ಮತ್ತ ಇವನ್ನ ಏನ ಮಾಡ್ಲಿ?" ಎಂದು ಕೇಳಿದರು. ನಾನು ಅದನ್ನು ಚೇಷ್ಟೆ ಎಂದುಕೊಂಡು ನಕ್ಕೆ.

ಜಿನಾ ಹತ್ತಿಳಿಯುವ ತ್ರಾಸ ಬೇಡವೆಂದು ಗೋದಾಮನ್ನು ಖಾಲಿ ಮಾಡಿಸಿ, ಸುಣ್ಣ ಹಚ್ಚಿಸಿ, ಅಲ್ಲಿ ಮಂಚ ಹಾಕಿಸಿದೆವು. ನೆಲದ ಮೇಲೆ ಕೂಡುವುದು ಬೇಡವೆಂದು ಕೈಯಿರುವ ಖುರ್ಚಿ ಬಂತು. ಕರೆಯಲು ಹಿತ್ತಾಳೆಯ ಗಂಟೆಯೊಂದನ್ನು ಪಕ್ಕದಲ್ಲಿಟ್ಟೆವು. ನಾನು ಹೊತ್ತು ಹೊತ್ತಿಗೆ ಮೆತ್ತಗಿನ ಅನ್ನ ಹಾಲು ಒಯ್ದುಕೊಡುತ್ತಿದ್ದೆ. ಸ್ನಾನ ಮಾಡಿಸುತ್ತಿದ್ದೆ, ಹೆರಳು ಹಾಕುತ್ತಿದ್ದೆ, ಕಾಲಿಗೆ ಚಪ್ಪಲಿಯನ್ನೂ ನಾನೇ ತೊಡಿಸುತ್ತಿದ್ದೆ. ಓಣಿಯ ಹೆಂಗಸರು, "ಸೊಸಿ ಅಂದರ ಲೀಲಾಬಾಯಿ," ಎನ್ನುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಲು ನನಗೆ ಬಲು ಇಷ್ಟವಿತ್ತು. ಕೇಳಿದ ದಿನ ಹಾಲಿಗೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕುತ್ತಿದ್ದೆ.

ಹುಣ್ಣಿಮೆಯ ಎಸ್.ಟಿ.ಯೂ ನಿಂತಿತು. ಪಂಚಾಹತ್ತರಿ ಮಾಡಿಸಿಕೊಂಡ ತಾಯಿ ಡಬ್ಬಿ ಹಿಡಿದು ಸ್ಟ್ಯಾಂಡಿನಲ್ಲಿ ನಿಂತರೆ ಜನ ಏನಂದಾರು? ವರ್ಷಕ್ಕೆರಡು ಸಲ ಟ್ಯಾಕ್ಸಿ ಮಾಡಿ ಅಕ್ಕಲಕೋಟೆಗೆ ಕಳಿಸುತ್ತಿದ್ದೆವು. ಅತ್ತೆ ಮೊದಮೊದಲು ಗಂಟೆ ಬಾರಿಸುತ್ತಿರಲಿಲ್ಲ, ಆಮೇಲಾಮೇಲೆ ನೀರಿಗೂ ಬಾರಿಸತೊಡಗಿದರು. ನಡೆಯುವಾಗ ಗೋಡೆ ಹಿಡಿಯತೊಡಗಿದರು. ವಯಸ್ಸಾಯಿತಲ್ಲ, ನಾವು ಸಕಾಲಕ್ಕೆ ಕೆಳಗೆ ತಂದದ್ದು ಎಷ್ಟು ಒಳ್ಳೆಯದಾಯಿತು ಎಂದು ಗಂಡ ಹೆಂಡತಿ ಮಾತಾಡಿಕೊಂಡೆವು. ಅಷ್ಟು ಜಾಣರು ನಾವು.

1976ರ ಶ್ರಾವಣದಲ್ಲಿ ಹೇಳಿಟ್ಟ ಟ್ಯಾಕ್ಸಿ ಕೈ ಕೊಟ್ಟಿತು. ಅಕ್ಕ ಕಾಯುತ್ತಿರುತ್ತಾಳೆಂದು ಅತ್ತೆ ಹಟ ಹಿಡಿದದ್ದರಿಂದ ಮೂವರೂ ಎಸ್.ಟಿ. ಸ್ಟ್ಯಾಂಡಿಗೆ ಹೋದೆವು. ಅತ್ತೆಯ ಮುಖ ಆ ದಿನ ಹುಡುಗಿಯ ಹಾಗೆ ಅರಳಿತ್ತು. ಗಾಡಿ ಬಂತು. ಅತ್ತೆ ಬಾಗಿಲಿನ ಸರಳು ಹಿಡಿದು ಕಾಲೆತ್ತಿದರು. ಕಾಲು ಮೊದಲನೆಯ ಪಾವಟಿಗೆಯ ತನಕ ಹೋಗಲಿಲ್ಲ. ಇನ್ನೊಮ್ಮೆ ಎತ್ತಿದರು, ಬೆರಳು ತಗಡಿಗೆ ತಾಗಿ ಕಾಲು ಕೆಳಗೆ ಬಿತ್ತು. ಮೂರನೆಯ ಸಲವೂ ಹಾಗೆಯೇ. ಹಿಂದೆ ಜನ ನಿಂತಿದ್ದರು. ಕಂಡಕ್ಟರ್ ಮರಾಠಿಯಲ್ಲಿ, "ಆಜೀ, ಚಲಾ ಲೌಕರ," ಎಂದು ಅವಸರಿಸುತ್ತ ಇಳಿದು ಬಂದ. ಅವನೊಂದು ರಟ್ಟೆ, ಯಜಮಾನರೊಂದು ರಟ್ಟೆ ಹಿಡಿದು ಅತ್ತೆಯನ್ನು ಎತ್ತಿ ಒಳಗಿಟ್ಟರು. ಎರಡು ವರ್ಷದ ಹಿಂದೆ ಅದೇ ಪಾವಟಿಗೆಯನ್ನು ಡಬ್ಬಿ ಹಿಡಿದುಕೊಂಡು ಹತ್ತಿದ ಕಾಲುಗಳು ಅವು.

ಅಕ್ಕಲಕೋಟೆಯಲ್ಲೂ ಹಾಗೆಯೇ ಇಳಿಸಿದರು. ಸಂಜೆ ಮನೆಗೆ ಬಂದ ಮೇಲೆ ಅತ್ತೆ ಹೇಳಿದ್ದು ಒಂದೇ ಮಾತು: "ಇನ್ನ ನಾ ಹೋಗೂದಿಲ್ಲ. ಮನಷ್ಯಾ ಇದ್ನಿ, ಎತ್ತಿ ಇಡೂ ಗಂಟ ಮಾಡಿದ್ರಿ ನನ್ನ."

ಮರುದಿನ ಓಣಿಯ ದವಾಖಾನೆಯ ಡಾಕ್ಟರ್ ಅಣ್ಣಾರಾಯರನ್ನು ಕರೆಸಿದೆ. ಬಾಯಿ ಬಿರುಸು, ಕೈ ಒಳ್ಳೆಯದು ಎಂದು ಹೆಸರಾದವರು. ಅತ್ತೆಗೆ ಖುರ್ಚಿಯಿಂದ ಕೈ ಊರದೆ ಏಳಲು ಹೇಳಿದರು. ಅತ್ತೆಗೆ ಆಗಲಿಲ್ಲ. ಅವರ ತೊಡೆಯನ್ನು ಎರಡು ಬೆರಳಿನಿಂದ ಒತ್ತಿ ನೋಡಿ ನನ್ನ ಕಡೆ ತಿರುಗಿದರು.

"ಇವರಿಗೆ ರೋಗ ಏನೂ ಇಲ್ಲ. ಎರಡ ವರ್ಷ ಕುಂಡ್ರಸೀರಿ. ನಿಮ್ಮನ್ನ ಕುಂಡ್ರಸಿದರೂ ಹಿಂಗ ಆಗತೈತಿ."

"ವಯಸ್ಸಾತಲ್ರಿ, ಎಪ್ಪತ್ತೇಳ..."

"ವಯಸ್ಸು ಎರಡ ವರ್ಷದಾಗ ಇಷ್ಟ ಬರೂದಿಲ್ಲ ತಾಯಿ. ಇದು ಸೇವಾದಿಂದ ಬಂದದ್ದು." ಆಮೇಲೆ ದನಿ ಇಳಿಸಿ ಹೇಳಿದರು: "ಇನ್ನೂ ಹೋಗಿಲ್ಲ. ಮುಂಜಾನಿ ಐದ ಸಲ, ಸಂಜಿಕ ಐದ ಸಲ ಖುರ್ಚಿಯಿಂದ ಏಳಸ್ರಿ, ಕುಂಡ್ರಸ್ರಿ. ಆಮ್ಯಾಲ ಜಿನಾ. ವಾರಕ್ಕ ಒಂದ ಮೆಟ್ಲಾ. ಹಿಂದ ನೀವ ನಿಂದರ್ರಿ. ಬರೇ ಹಾಲು ಅನ್ನ ಬಿಡಸ್ರಿ, ಬ್ಯಾಳಿ, ಕಾಳು, ಶೇಂಗಾ ತಿನಸ್ರಿ. ಹದಿನಾಲ್ಕ ಮೆಟ್ಲಾ ಹತ್ತಿದ ದಿವಸ ಇವರು ಎಸ್.ಟಿ. ಹತ್ತತಾರ. ಬೇಕಾದರ ಬರದ ಕೊಡ್ತೀನಿ."

ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ಶಬ್ದದ ಮಾತು ಬರುತ್ತಿತ್ತು. ಅವರು ಮಧ್ಯಾಹ್ನ ದುಕಾನು ಮುಚ್ಚಿ, ಮೇಲೆ ಬಂದು ಉಂಡು ಎರಡು ತಾಸು ಮಲಗುತ್ತಿದ್ದರು. ಅವರ ಗೊರಕೆ ಶುರುವಾಯಿತೆಂದರೆ ನಾನು ಮೆಲ್ಲಗೆ ಕೆಳಗಿಳಿದು ಬರುತ್ತಿದ್ದೆ. ಗೊರಕೆಯೇ ನಮ್ಮ ಕಾವಲು. ಅತ್ತೆ ಸೆರಗು ಸಿಕ್ಕಿಸಿಕೊಂಡು ತಯಾರಾಗಿ ಕೂತಿರುತ್ತಿದ್ದರು.

ಮೊದಲ ವಾರ ಎರಡು ಸಲ ಎದ್ದರೆ ಮೂರನೆಯದಕ್ಕೆ ತೊಡೆ ಗಡಗಡ ನಡುಗುತ್ತಿದ್ದವು. ತಿಂಗಳಾಗುವ ಹೊತ್ತಿಗೆ ಕೈ ಎದೆಗೆ ಕಟ್ಟಿಕೊಂಡು ಐದು ಸಲ ಎದ್ದರು. ಅಂದು ಅವರು ನಕ್ಕ ನಗೆಯನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ. ಶೇಂಗಾ ಹುರಿದು ಒಳ್ಳಿಗೆ ಹಾಕಿ ಒನಕೆಯನ್ನು ಅವರ ಕೈಗೇ ಕೊಟ್ಟೆ. ನಾಲ್ಕು ಏಟು ಹಾಕಿ, ಬೆವರು ಒರೆಸಿಕೊಂಡು, "ನೀ ಕಲಸಿದ ಹಾಲು ಅನ್ನಾ ಎರಡ ವರ್ಷ ತಿಂದ್ನಿ ಲೀಲಾ. ದೇವರು ನನಗ ಪುಣ್ಯಾ ಕೊಡಬೇಕು," ಎಂದರು.

ಆಮೇಲೆ ಜಿನಾ. ಹಗ್ಗ ಹಿಡಿದು ಒಂದು ಮೆಟ್ಟಿಲು ಹತ್ತುವುದು, ಇಳಿಯುವುದು. ಮೊದಲ ದಿನ ನಾನು ಹೆದರಿ ಹಿಂದಿನಿಂದ ಅವರ ಸೊಂಟ ಹಿಡಿದುಕೊಂಡಿದ್ದೆ. ಅತ್ತೆ ತಿರುಗದೆಯೇ, "ಮುಟ್ಟಬ್ಯಾಡ. ಬಿದ್ದರ ಅಷ್ಟ ಹಿಡಿ," ಎಂದರು. ಅಂದಿನಿಂದ ನಾನು ಎರಡು ಮೆಟ್ಟಿಲು ಕೆಳಗೆ, ಎರಡೂ ಕೈ ಚಾಚಿ, ಮುಟ್ಟದೆ ನಿಲ್ಲುತ್ತಿದ್ದೆ. ವಾರಕ್ಕೊಂದು ಮೆಟ್ಟಿಲು. ಅತ್ತೆ ಬಾಯಲ್ಲೇ ಎಣಿಸುತ್ತಿದ್ದರು. ಅತ್ತೆ ಸೊಸೆಯಾಗಿ ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದರೂ ನಾವಿಬ್ಬರೂ ಗೆಳತಿಯರಾದದ್ದು ಆ ಮೂರು ತಿಂಗಳಲ್ಲಿ. ಕಾರ್ತಿಕ ಮುಗಿಯುವ ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ಒಂಬತ್ತನೆಯ ಮೆಟ್ಟಿಲು ತಲುಪಿದರು. "ಸಂಕ್ರಾಂತಿ ಮುಗದ ಮ್ಯಾಲಿನ ಹುಣ್ಣಿವಿಗೆ ಹೋಗೂಣು. ಪಾರ್ವತಿಗೆ ಹೇಳಿ ಕಳಸಬ್ಯಾಡ. ಒಮ್ಮಿಗೇ ಬಾಗಲದಾಗ ನಿಂದರ್ತೀನಿ," ಎಂದರು.

ಅದೇ ವಾರ ಒಂದು ಮಧ್ಯಾಹ್ನ ಅತ್ತೆ ಒಂಬತ್ತನೆಯ ಮೆಟ್ಟಿಲಿನ ಮೇಲಿದ್ದರು, ನಾನು ಏಳನೆಯದರ ಮೇಲೆ. ಓಣಿಯ ಬಾಗಿಲು ತೆರೆಯಿತು. ಯಜಮಾನರ ಅಕ್ಕ ಕಸ್ತೂರಬಾಯಿ ಮಂದ್ರೂಪದಿಂದ ಹೇಳದೆ ಕೇಳದೆ ಬಂದಿದ್ದರು. ಕೈಯಲ್ಲಿದ್ದ ಕಬ್ಬಿನ ಕಟ್ಟನ್ನು ಅಲ್ಲೇ ಕೆಡವಿ ಒದರಿದರು: "ಅಯ್ಯಯ್ಯ, ಏನ ನಡದೈತಿ ಇಲ್ಲೆ! ಪಂಚಾಹತ್ತರಿ ಮಾಡಿ ಊರಾಗ ಹೆಸರ ತೊಗೊಂಡ್ರಿ, ಈಗ ಬಾಗಲಾ ಹಾಕಿ ನಮ್ಮವ್ವನ್ನ ಜಿನಾ ಹತ್ತಸಾಕತ್ತೀರಿ? ಕೊಲ್ಲಾವರ ಅದೀರೇನ?"

ಗೊರಕೆ ನಿಂತಿತು. ಯಜಮಾನರು ಜಿನಾದ ಮೇಲ್ತುದಿಗೆ ಬಂದು ನಿಂತರು. ಕೆಳಗೆ ತೆರೆದ ಬಾಗಿಲಿನಲ್ಲಿ ಪಕ್ಕದ ದುಕಾನಿನವರು ಇಣುಕುತ್ತಿದ್ದರು. ನಡುವೆ ನಾನು ಮತ್ತು ಅತ್ತೆ.

"ನಾನ ಹತ್ತಾಕತ್ತೀನಿ," ಎಂದರು ಅತ್ತೆ. ಯಾರೂ ಅವರ ಮಾತಿಗೆ ಕಿವಿ ಕೊಡಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಯಾರು ಹತ್ತು ಅಂದಾರ?" ಎಂದು ಯಜಮಾನರು ನನ್ನನ್ನು ಕೇಳಿದರು.

ಹೇಳಲು ನನಗೆ ಎಷ್ಟಿತ್ತು! ಡಾಕ್ಟರು ಹೇಳಿದ್ದಾರೆ ಎನ್ನಬಹುದಿತ್ತು. ನಾನೇ ಹತ್ತಿಸುತ್ತಿದ್ದೇನೆ, ಈ ಕಾಲುಗಳನ್ನು ನೋಡಿ, ಇನ್ನೊಂದು ತಿಂಗಳು ಸುಮ್ಮನಿರಿ ಎನ್ನಬಹುದಿತ್ತು. ಬಾಗಿಲಿನಲ್ಲಿ ನಿಂತವರ ಮುಖ ನೋಡಿದೆ. ಸೊಸಿ ಅಂದರ ಲೀಲಾಬಾಯಿ ಎಂದು ಕೇಳಿದ್ದೆಲ್ಲ ಒಂದೇ ಗಳಿಗೆಯಲ್ಲಿ ಮಣ್ಣುಪಾಲಾಗುವುದು ಕಂಡಿತು.

"ನಾ ಬ್ಯಾಡ ಬ್ಯಾಡ ಅಂದ್ನಿ," ಎಂದೆ. "ಅವರ ಕೇಳಲಿಲ್ಲ."

ಅತ್ತೆ ಹಗ್ಗ ಹಿಡಿದುಕೊಂಡೇ ತಿರುಗಿ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಕತ್ತಲೆಯಲ್ಲಿ ಇವರು ಯಾರು ಎಂದು ಗುರುತು ಹಿಡಿಯಲು ನೋಡುತ್ತಾರಲ್ಲ, ಹಾಗೆ. ಯಜಮಾನರು ಇಳಿದು ಬಂದು ಅವರನ್ನು ತೋಳಿನಲ್ಲಿ ಎತ್ತಿಕೊಂಡು ಕೆಳಗೆ ಒಯ್ದು ಮಂಚದ ಮೇಲೆ ಮಲಗಿಸಿದರು. ಹಗ್ಗವನ್ನು ಮೇಲೆಳೆದು ತೊಲೆಗೆ ಕಟ್ಟಿದರು. ಕಸ್ತೂರಬಾಯಿ ನನ್ನ ಬೆನ್ನು ಸವರಿ, "ಮುಪ್ಪಿನಾಗ ಹಟಾ ಭಾಳ. ನಿನಗೂ ತ್ರಾಸ ಪಾಪ," ಎಂದರು. ಆ ಕೈ ಇವತ್ತಿಗೂ ನನ್ನ ಬೆನ್ನ ಮೇಲೆ ಉರಿಯುತ್ತದೆ.

ಕಸ್ತೂರಬಾಯಿ ನಾಲ್ಕು ದಿನ ಇದ್ದು ಹೋದರು. ಅವರು ಹೋದ ಮೇಲೆ ನಾನು ಮತ್ತೆ ಶುರು ಮಾಡಬಹುದಿತ್ತು. ಮಾಡಲಿಲ್ಲ. ಇವತ್ತು ಬೇಡ, ಸಂಕ್ರಾಂತಿ ಕಳೆಯಲಿ, ಜನ ಮರೆಯಲಿ ಎಂದು ಮುಂದೆ ಹಾಕಿದೆ. ನಿಜ ಹೇಳಬೇಕೆಂದರೆ, ಅತ್ತೆಯ ಹಿಂದೆ ಕೈ ಚಾಚಿ ನಿಲ್ಲಲು ನನಗೆ ಮುಖವಿರಲಿಲ್ಲ. ಅವರು ಬೈದಿದ್ದರೆ ಸುಲಭವಿತ್ತು. ಬೈಯಲಿಲ್ಲ. ಮಧ್ಯಾಹ್ನ ಸೆರಗು ಸಿಕ್ಕಿಸಿಕೊಂಡು ಕೂಡುವುದನ್ನು ಬಿಟ್ಟರು, ಅಷ್ಟೇ. ಹಾಲು ಅನ್ನ ಕೊಟ್ಟರೆ ಹಾಲು ಅನ್ನ ಉಂಡರು. ಮರುವರ್ಷ ಮಳೆಗಾಲದಲ್ಲಿ ಜ್ವರ ಬಂದು ಹದಿನೈದು ದಿನ ಮಲಗಿದರು. ಜ್ವರ ಇಳಿಯಿತು, ಅತ್ತೆ ಏಳಲಿಲ್ಲ. ಮಗ್ಗುಲಾಗಲೂ ಗಂಟೆ ಬಾರಿಸಬೇಕಾಯಿತು.

1978ರ ಒಂದು ಹುಣ್ಣಿಮೆಯ ದಿನ ಬಾಗಿಲಿನಲ್ಲಿ ಪಾರ್ವತಿಬಾಯಿ ನಿಂತಿದ್ದರು. ಅತ್ತೆಗಿಂತ ಎರಡು ವರ್ಷ ದೊಡ್ಡವರು, ಎಂಬತ್ತೊಂದು. ಆಗಲೂ ತಮ್ಮ ನೀರು ತಾವೇ ಸೇದುವವರು. ಸೇದದೆ ಗತಿಯಿರಲಿಲ್ಲ, ಅವರ ಮಗನಿಗೆ ಪಂಚಾಹತ್ತರಿ ಮಾಡುವ ಶಕ್ತಿ ಇರಲಿಲ್ಲ. ಕೋಲೂರಿಕೊಂಡು ಎಸ್.ಟಿ. ಹತ್ತಿ, ಸ್ಟ್ಯಾಂಡಿನಿಂದ ಕೇಳುತ್ತ ಕೇಳುತ್ತ ನಡೆದು ಬಂದಿದ್ದರು. ಕೈಯಲ್ಲಿ ಚಟ್ನಿಯ ಡಬ್ಬಿ.

ಒಂದೇ ತಾಟಿನಲ್ಲಿ ಬಡಿಸಿದೆ. ಪಾರ್ವತಿಬಾಯಿ ರೂಢಿಯಂತೆ ತಾಟನ್ನು ನೆಲದ ಮೇಲಿಟ್ಟು ಕೂತು, ಆಮೇಲೆ ತಂಗಿಯ ಕಡೆ ನೋಡಿ, ನೆಲಕ್ಕೆ ಕೈಯೂರಿ ತಾವೇ ಎದ್ದರು. ಮಂಚದ ಅಂಚಿಗೆ ಕೂತು ಒಂದು ತುತ್ತು ತಂಗಿಯ ಬಾಯಿಗೆ, ಒಂದು ತಮ್ಮ ಬಾಯಿಗೆ ಹಾಕಿಕೊಳ್ಳುತ್ತ ಕೇಳಿದರು, "ಜಿನಾ ಹತ್ತತಿದ್ದೆಂತಲ್ಲ, ಕಸ್ತೂರಿ ಹೇಳಿದ್ಳು. ಒಂಬತ್ತ ಮೆಟ್ಲಾ ಹತ್ತಿದ್ದೆಂತ. ಮತ್ತ ಯಾಕ ಬಿಟ್ಟಿ?"

ನಾನು ನೀರಿನ ತಂಬಿಗೆ ಹಿಡಿದು ಅಲ್ಲೇ ನಿಂತಿದ್ದೆ. ಅತ್ತೆ ತುತ್ತು ನುಂಗಿದರು.

"ನನಗ ಬ್ಯಾಸರಾತು ಬಿಡು," ಎಂದರು. "ಲೀಲಾ ಪಾಪ ಹತ್ತು ಅಂತಿದ್ಳು."

ಪಾರ್ವತಿಬಾಯಿ ನಾಲ್ಕರ ಗಾಡಿಗೆ ಹೋದರು. ಬಾಗಿಲ ತನಕ ಹೋಗಿ ಬಂದು ನಾನು ಮಂಚದ ಕಾಲ್ದೆಸೆಯಲ್ಲಿ ಕೂತೆ. ಕಾಲು ಹಿಡಿದುಕೊಂಡು ಅತ್ತುಬಿಡಬೇಕು, ತಪ್ಪಾಯಿತು ಎನ್ನಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಹತ್ತಿತೆಂದುಕೊಂಡೆ.

"ಲೀಲಾ," ಎಂದರು ಕಣ್ಣು ತೆರೆಯದೆ. "ಐದ ಅಷ್ಟ ಉಳದಿದ್ವು."

ನಾನು ಎದ್ದು ಉಂಡ ತಾಟು ತೊಳೆಯಲು ಹೋದೆ. ಮುಂದೆ ಎರಡು ತಿಂಗಳಿಗೆ ಅತ್ತೆ ತೀರಿಕೊಂಡರು. ಜನ ಬಂದು, ಎಂಥ ಪುಣ್ಯವಂತೆ, ಎಷ್ಟು ಸೇವೆ ಮಾಡಿಸಿಕೊಂಡು ಹೋದಳು ಎಂದರು. ಯಜಮಾನರು ಅತ್ತರು. ತಮ್ಮ ಶಬ್ದ ಉಳಿಸಿಕೊಂಡೆನೆಂದು ಅವರು ಇವತ್ತಿಗೂ ನಂಬಿದ್ದಾರೆ. ಅವರಿಗೆ ತಿಳಿಸಿ ಹೇಳುವ ಧೈರ್ಯವೂ ನನ್ನಲ್ಲಿಲ್ಲ.

ಈಗ ನನಗೆ ಐವತ್ತೆಂಟು. ಮಂಡಿ ನೋಯುತ್ತದೆ, ಆದರೂ ಕೊಡ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ನಳಕ್ಕೆ ನೀರು ಬಂದಾಗ ನೀಲಾಬಾಯಿಯನ್ನು ಕೆಳಗೆ ಕರೆದೆ. ಕೊಡ ತುಂಬಿಕೊಂಡು ಸೊಂಟದ ಮೇಲಿಟ್ಟುಕೊಂಡೆ. "ನಿನ್ನಿ ಒದರಿದ್ನಿ, ತಪ್ಪಾತು," ಎಂದೆ. ಈ ಮಾತನ್ನು ನಾನು ಈ ಮನೆಯಲ್ಲಿ ಬೇರೊಬ್ಬರಿಗೆ ಹೇಳಬೇಕಾಗಿತ್ತು. "ನನ್ನ ಹಿಂದ ನಿಂದರು. ಮುಟ್ಟಬ್ಯಾಡ. ಬಿದ್ದರ ಅಷ್ಟ ಹಿಡಿ."

ಹುಡುಗಿ ಕಣ್ಣು ಪಿಳಿಪಿಳಿ ಬಿಡುತ್ತ ಎರಡು ಮೆಟ್ಟಿಲು ಕೆಳಗೆ ಕೈ ಚಾಚಿ ನಿಂತಳು. ಅತ್ತೆ ಹೋದ ಮೇಲೆ ಮತ್ತೆ ಇಳಿಬಿಟ್ಟ ಹಗ್ಗ ಹಿಡಿದು ನಾನು ಹತ್ತಿದೆ. ಒಂಬತ್ತನೆಯ ಮೆಟ್ಟಿಲಿಗೆ ನಿಂತೆ. ದಿನಾಲೂ ಅಲ್ಲಿ ನಿಲ್ಲುತ್ತೇನೆ.

"ದಣಿವಾತೇನ್ರಿ ಅತ್ತಿ?" ಎಂದು ಹಿಂದಿನಿಂದ ಕೇಳಿದಳು.

"ಇಲ್ಲ," ಎಂದೆ. "ಐದ ಉಳದಾವ."

ಉಳಿದ ಐದನ್ನೂ ಹತ್ತಿ ಮೇಲೆ ಹೋಗಿ ಕೊಡ ಇಳಿಸಿದೆ. ಅತ್ತೆಗೆ ಅವನ್ನು ಹತ್ತಗೊಡದವಳು ನಾನು.